ಬೆಟ್ಟಕ್ಕಿಂತ ಹಿರಿಯ ನದಿಯ ಜಾಡಿನಲ್ಲಿ

ಕರ್ನಾಟಕದ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಒಂದು ಕರಿಯ ಕಲ್ಲು ಇರುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ನೀರಿನಲ್ಲಿ ಉರುಳಿ ಉರುಳಿ ಬಂದ ನುಣುಪು. ಒಂದು ಬದಿಯಲ್ಲಿ ಸಣ್ಣ ರಂಧ್ರ. ಒಳಗೆ ಇಣುಕಿದರೆ ಸುರುಳಿ ಸುತ್ತಿದ ಚಕ್ರ. ನಿತ್ಯ ಅದಕ್ಕೆ ಅಭಿಷೇಕ, ನೆತ್ತಿಯ ಮೇಲೊಂದು ತುಳಸಿದಳ. ಸಾಲಿಗ್ರಾಮಕ್ಕೆ ಪ್ರಾಣಪ್ರತಿಷ್ಠೆ ಬೇಕಿಲ್ಲ, ಅದು ತಾನಾಗಿಯೇ ದೇವರು ಎಂಬುದು ನಂಬಿಕೆ. ಅಜ್ಜನಿಂದ ಮೊಮ್ಮಗನಿಗೆ ಬಂದ ಈ ಕಲ್ಲು ಮೊದಲು ಎಲ್ಲಿತ್ತು ಎಂದು ಕೇಳಿದರೆ, 'ಗಂಡಕಿಯಲ್ಲಿ' ಎಂಬ ಉತ್ತರ ಥಟ್ಟನೆ ಬರುತ್ತದೆ. ಆ ಗಂಡಕಿ ಎಲ್ಲಿದೆ, ಹೇಗಿದೆ ಎಂದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ.

ನೇಪಾಳದ ಉತ್ತರಕ್ಕೆ, ಟಿಬೆಟ್ಟಿನ ಗಡಿಗೆ ಅಂಟಿಕೊಂಡಿರುವ ಮುಸ್ತಾಂಗ್ ಎಂಬ ಒಣ ಸೀಮೆಯಲ್ಲಿ ಹುಟ್ಟುವ ನದಿ ಅದು. ಅಲ್ಲಿಯವರ ಬಾಯಲ್ಲಿ ಕಾಳಿ ಗಂಡಕಿ. ಕೃಷ್ಣ ಗಂಡಕಿ ಎನ್ನುವುದೂ ಉಂಟು. ಕಪ್ಪು ಶಿಲೆಗಳ ಪುಡಿಯನ್ನು ಹೊತ್ತು ಬೂದುಗಪ್ಪಾಗಿ ಹರಿಯುವ ನೀರಿಗೆ ಹೆಸರು ಒಪ್ಪುವಂತಿದೆ. ದಕ್ಷಿಣಕ್ಕೆ ಹರಿಯುತ್ತ ಅದು ಹಿಮಾಲಯದ ಮುಖ್ಯ ಶ್ರೇಣಿಯನ್ನೇ ಸೀಳಿ ಈಚೆಗೆ ಬರುತ್ತದೆ. ದೇವಘಾಟದಲ್ಲಿ ತ್ರಿಶೂಲಿಯನ್ನು ಕೂಡಿಕೊಂಡು ನಾರಾಯಣಿಯಾಗುತ್ತದೆ. ಬಿಹಾರಕ್ಕೆ ಇಳಿದು ಗಂಡಕ್ ಎನಿಸಿಕೊಂಡು, ಪಟ್ನಾದ ಎದುರು ದಡದಲ್ಲಿ ಗಂಗೆಯನ್ನು ಸೇರುತ್ತದೆ. ಅಲ್ಲಿನ ಸೋನಪುರವೇ ಗಜೇಂದ್ರಮೋಕ್ಷ ನಡೆದ ಸ್ಥಳ ಎಂಬ ಪ್ರತೀತಿಯಿದೆ.

ಈ ನದಿ ಬೆಟ್ಟಗಳನ್ನು ಸೀಳಿ ಮಾಡಿಕೊಂಡ ದಾರಿಯೇ ಕಾಳಿ ಗಂಡಕಿ ಕಮರಿ. ಕೆಳಗಿನ ಬೇನಿ ಪಟ್ಟಣದಿಂದ ಮೇಲಿನ ಮುಕ್ತಿನಾಥದವರೆಗೆ ಕಾಲ್ನಡಿಗೆಯಲ್ಲಿ ಸುಮಾರು ಒಂದು ವಾರದ ದಾರಿ. ಈಗ ಜೀಪು, ಬಸ್ಸುಗಳೂ ಓಡುತ್ತವೆ, ವಿಮಾನವೂ ಇದೆ. ಆದರೂ ಈ ಕಮರಿಯನ್ನು ತಿಳಿಯಬೇಕಾದರೆ ನಡೆದೇ ತಿಳಿಯಬೇಕು. ಇಲ್ಲಿ ಭೂಮಿಯ ಕಥೆ ಪುಟಪುಟವಾಗಿ ತೆರೆದುಕೊಂಡಿದೆ, ಕಾಲ ವೇಗದಲ್ಲಿ ಹೋದರೆ ಮಾತ್ರ ಅದನ್ನು ಓದಿಕೊಳ್ಳಲು ಸಾಧ್ಯ.

ಆಳ ಎಂದರೆ ಎಷ್ಟು?

ಲೇತೆ ಮತ್ತು ಕಾಲೋಪಾನಿ ಎಂಬ ಜೋಡಿ ಊರುಗಳ ಬಳಿ ನದಿ ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರದಲ್ಲಿ ಹರಿಯುತ್ತದೆ. ಪಶ್ಚಿಮಕ್ಕೆ ಕತ್ತೆತ್ತಿದರೆ 8,167 ಮೀಟರ್ ಎತ್ತರದ ಧವಳಗಿರಿ; ಪೂರ್ವಕ್ಕೆ ತಿರುಗಿದರೆ 8,091 ಮೀಟರಿನ ಅನ್ನಪೂರ್ಣಾ. ಜಗತ್ತಿನ ಏಳನೆಯ ಮತ್ತು ಹತ್ತನೆಯ ಅತಿ ಎತ್ತರದ ಶಿಖರಗಳು ಇವು. ಇವೆರಡರ ನಡುವಿನ ನೇರ ದೂರ ಸುಮಾರು 35 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ಬಿಡದಿಗೆ ಇರುವಷ್ಟು. ನದಿಯ ಮಟ್ಟದಿಂದ ಅನ್ನಪೂರ್ಣಾದ ತುದಿಗೆ ಐದೂವರೆ ಕಿಲೋಮೀಟರ್ ಎತ್ತರ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದರಂತೆ ಎರಡು ಬಾರಿ ಇಟ್ಟರೂ ಆ ಎತ್ತರ ಮುಟ್ಟುವುದಿಲ್ಲ, ಮೂರನೆಯದನ್ನೂ ಇಡಬೇಕಾಗುತ್ತದೆ.

ಇದೇ ಲೆಕ್ಕದ ಮೇಲೆ 'ಜಗತ್ತಿನ ಅತಿ ಆಳದ ಕಮರಿ' ಎಂಬ ಫಲಕಗಳು ಇಲ್ಲಿ ಕಾಣುತ್ತವೆ. ಈ ಮಾತನ್ನು ಸ್ವಲ್ಪ ಎಚ್ಚರದಿಂದ ಒಪ್ಪಿಕೊಳ್ಳಬೇಕು. ಬಾವಿಯ ಆಳವನ್ನು ಅದರ ಕಟ್ಟೆಯಿಂದ ಅಳೆಯುತ್ತೇವೆ. ಕಮರಿಗೆ ಕಟ್ಟೆ ಯಾವುದು? ನದಿಯ ಅಂಚಿನ ಬಂಡೆಯೋ, ಹತ್ತಾರು ಕಿಲೋಮೀಟರ್ ಆಚೆಗಿನ ಶಿಖರವೋ? ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಸ್ಪಷ್ಟವಾದ ಅಂಚು ಇದೆ. ಅದರ ಆಳ ಸುಮಾರು 1,800 ಮೀಟರ್. ಕಾಳಿ ಗಂಡಕಿಗೆ ಅಂಥ ಒಂದೇ ಅಂಚಿಲ್ಲ. ಬ್ರಹ್ಮಪುತ್ರಾ ನದಿ ಟಿಬೆಟ್ಟಿನಿಂದ ಅರುಣಾಚಲಕ್ಕೆ ಇಳಿಯುವ ಕಮರಿಗೂ ಇದೇ ಬಿರುದನ್ನು ಕೊಡುವವರಿದ್ದಾರೆ. ಬಿರುದು ಯಾರಿಗಾದರೂ ಸಲ್ಲಲಿ, ತಳದಲ್ಲಿ ನಿಂತವನ ಕುತ್ತಿಗೆ ನೋಯುವುದು ಮಾತ್ರ ತಪ್ಪುವುದಿಲ್ಲ.

ಗರಗಸ ಮತ್ತು ದಿಮ್ಮಿ

ಆಳಕ್ಕಿಂತ ದೊಡ್ಡ ಸೋಜಿಗ ಬೇರೆಯೇ ಇದೆ. ನದಿ ಎಂದರೆ ಬೆಟ್ಟದ ನೆತ್ತಿಯಲ್ಲಿ ಹುಟ್ಟಿ ಕೆಳಗೆ ಹರಿಯುವುದು. ಆದರೆ ಕಾಳಿ ಗಂಡಕಿ ಹುಟ್ಟುವುದು ಈ ಮಹಾಶಿಖರಗಳ ಆಚೆ, ಅವುಗಳಿಗಿಂತ ತಗ್ಗಾದ ನೆಲದಲ್ಲಿ. ಅಲ್ಲಿಂದ ಹೊರಟ ನೀರಿಗೆ ಎದುರಾಗುವುದು ಎಂಟು ಸಾವಿರ ಮೀಟರಿನ ಗೋಡೆ. ನೀರು ಗೋಡೆಯನ್ನು ಹತ್ತುವುದಿಲ್ಲ. ಹಾಗಾದರೆ ಅದು ಈಚೆಗೆ ಬಂದದ್ದಾದರೂ ಹೇಗೆ?

ಭೂವಿಜ್ಞಾನಿಗಳಲ್ಲಿ ಅನೇಕರು ಕೊಡುವ ಉತ್ತರ ಸರಳವಾಗಿದೆ: ಗೋಡೆ ಏಳುವುದಕ್ಕೆ ಮೊದಲೇ ನದಿ ಇತ್ತು. ಸಾಮಿಲ್ಲಿನಲ್ಲಿ ಗರಗಸ ಇದ್ದಲ್ಲೇ ಇರುತ್ತದೆ; ದಿಮ್ಮಿಯನ್ನು ಅದರತ್ತ ತಳ್ಳುತ್ತಾರೆ. ಗರಗಸ ಕದಲದಿದ್ದರೂ ದಿಮ್ಮಿ ಸೀಳಿಹೋಗುತ್ತದೆ. ಇಲ್ಲಿ ನದಿಯೇ ಗರಗಸ, ಕೆಳಗಿನಿಂದ ಮೇಲೆದ್ದ ಹಿಮಾಲಯವೇ ದಿಮ್ಮಿ. ಬೆಟ್ಟ ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಏಳುತ್ತ ಹೋದಂತೆ, ನದಿಯೂ ಕಲ್ಲು ಮರಳುಗಳನ್ನು ಉಜ್ಜುತ್ತ ತನ್ನ ಪಾತ್ರವನ್ನು ಅಷ್ಟೇ ಕೊರೆಯುತ್ತ ಹೋಯಿತು. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರಾ, ನೇಪಾಳದ ಕರ್ಣಾಲಿ ಮತ್ತು ಅರುಣ್ ನದಿಗಳೂ ಹೀಗೆ ಹಿಮಾಲಯವನ್ನು ಅಡ್ಡ ಹಾಯ್ದು ಬರುತ್ತವೆ. ದಕ್ಷಿಣದ ಇಳಿಜಾರಿನ ಹೊಳೆಯೊಂದು ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತ ಹೋಗಿ ಉತ್ತರದ ನೀರನ್ನು ತನ್ನತ್ತ ಸೆಳೆದುಕೊಂಡಿರಬಹುದು ಎಂಬ ಇನ್ನೊಂದು ವಾದವೂ ಇದೆ. ಎರಡರಲ್ಲಿ ಯಾವುದು ಎಷ್ಟು ನಿಜವಾದರೂ, ಬೆಟ್ಟ ಏಳುವ ಕೆಲಸ ಮತ್ತು ನದಿ ಕೊರೆಯುವ ಕೆಲಸ ಇನ್ನೂ ಮುಗಿದಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಭಾರತದ ಭೂಫಲಕ ಈಗಲೂ ವರ್ಷಕ್ಕೆ ನಾಲ್ಕೈದು ಸೆಂಟಿಮೀಟರಿನಂತೆ ಉತ್ತರಕ್ಕೆ ನುಗ್ಗುತ್ತಿದೆ.

ಕೆಳಗಿನಿಂದ ಮೇಲಕ್ಕೆ

ಯಾತ್ರಿಕರಲ್ಲಿ ಬಹಳ ಮಂದಿ ಪೋಖರಾದಿಂದ ವಿಮಾನದಲ್ಲಿ ಜೋಮ್ಸೊಮ್‌ಗೆ ಹಾರಿ, ಅಲ್ಲಿಂದ ಜೀಪಿನಲ್ಲಿ ಮುಕ್ತಿನಾಥಕ್ಕೆ ಹೋಗಿ ಬರುತ್ತಾರೆ. ನಡೆಯುವವರಿಗೆ ಬೇನಿಯಿಂದ ಮೇಲಕ್ಕೆ ಹತ್ತುವುದೇ ಲೇಸು. 830 ಮೀಟರಿನಿಂದ ಸುಮಾರು 3,700 ಮೀಟರಿಗೆ ದಿನದಿನಕ್ಕೆ ಸ್ವಲ್ಪಸ್ವಲ್ಪ ಏರುವುದರಿಂದ ದೇಹಕ್ಕೆ ತೆಳುಗಾಳಿಯನ್ನು ರೂಢಿಸಿಕೊಳ್ಳಲು ಕಾಲಾವಕಾಶ ಸಿಗುತ್ತದೆ.

ಮೊದಲ ಘಟ್ಟ ತಾತೋಪಾನಿ. 'ಬಿಸಿನೀರು' ಎಂದೇ ಅದರ ಅರ್ಥ. ಸುಮಾರು 1,200 ಮೀಟರ್ ಎತ್ತರದ ಈ ಊರಿನಲ್ಲಿ ನದಿಯ ದಂಡೆಯಲ್ಲೇ ಬಿಸಿನೀರಿನ ಬುಗ್ಗೆಗಳಿವೆ. ಕಲ್ಲಿನ ತೊಟ್ಟಿಗಳಲ್ಲಿ ಕುಳಿತು ಕಾಲುನೋವು ಕಳೆದುಕೊಳ್ಳಬಹುದು. ಸುತ್ತಲೂ ಭತ್ತದ ಮೆಟ್ಟಿಲುಗದ್ದೆ, ಬಾಳೆ, ಕಿತ್ತಳೆ. ಮಲೆನಾಡಿನಿಂದ ಹೋದವರಿಗೆ ಊರು ಬಿಟ್ಟು ಬಂದಂತೆಯೇ ಅನ್ನಿಸುವುದಿಲ್ಲ.

ಎರಡನೆಯ ದಿನ ದಾನಾ ಊರನ್ನು ದಾಟಿದಂತೆ ಗೋಡೆಗಳು ಹತ್ತಿರವಾಗುತ್ತವೆ. ರೂಪ್ಸೆ ಜಲಪಾತ ದಾರಿಯ ಬದಿಗೇ ಧುಮುಕುತ್ತದೆ. ಮುಂದೆ ನದಿ ಕಾಣಿಸುವುದಕ್ಕಿಂತ ಕೇಳಿಸುವುದೇ ಹೆಚ್ಚು. ಇಲ್ಲಿನ ಇಕ್ಕಟ್ಟಾದ ಭಾಗಕ್ಕೆ ಸ್ಥಳೀಯರು ಅಂಧ ಗಲ್ಛಿ, ಅಂದರೆ ಕುರುಡು ಕಮರಿ ಎಂದು ಹೆಸರಿಟ್ಟಿದ್ದಾರೆ. ಸೂರ್ಯ ಇಣುಕಿ ನೋಡುವುದು ನಡುಹಗಲಿನ ಸ್ವಲ್ಪ ಹೊತ್ತು ಮಾತ್ರ. ಹಿಮಾಲಯದ ಗಟ್ಟಿ ಶಿಲೆಗಳು ದಕ್ಷಿಣದ ಶಿಲೆಗಳ ಮೇಲೇರಿ ಕುಳಿತಿರುವ ಮಹಾ ಬಿರುಕು ದಾನಾ ಪರಿಸರದಲ್ಲೇ ಹಾದುಹೋಗುತ್ತದೆ. ಬೆಟ್ಟದ ಏಳಿಕೆ ಬಿರುಸಾಗಿರುವ ಕಡೆಯಲ್ಲೇ ನದಿಯ ಇಳಿಜಾರೂ ಕಡಿದಾಗಿದೆ. ತಾತೋಪಾನಿಯಿಂದ ಕಾಲೋಪಾನಿಗೆ ನಡೆಯುವ ಎರಡು ದಿನಗಳಲ್ಲಿ 1,300 ಮೀಟರಿಗಿಂತ ಹೆಚ್ಚು ಏರಬೇಕು. ಗರಗಸದ ಹಲ್ಲು ಮಸೆಯುತ್ತಿರುವುದು ಇಲ್ಲಿಯೇ ಎನ್ನಬಹುದು.

ಘಾಸಾ ದಾಟಿದ ಮೇಲೆ ಪೈನ್ ಮರಗಳು, ಬೌದ್ಧರ ಚೋರ್ಟೆನ್‌ಗಳು, ಮಂತ್ರ ಕೊರೆದ ಕಲ್ಲಿನ ಸಾಲುಗಳು ಕಾಣತೊಡಗುತ್ತವೆ. ಕಾಲೋಪಾನಿಯ ಆಚೆ ಕಮರಿ ಒಮ್ಮೆಗೇ ಮನಸ್ಸು ಬದಲಿಸುತ್ತದೆ. ಇಕ್ಕಟ್ಟು ಹೋಗಿ ಅಗಲವಾದ, ಚಪ್ಪಟೆಯಾದ ಜಲ್ಲಿಯ ಬಯಲು ತೆರೆದುಕೊಳ್ಳುತ್ತದೆ. ಭೋರ್ಗರೆಯುತ್ತಿದ್ದ ನದಿ ಹತ್ತಾರು ಸೀಳಾಗಿ ಜಲ್ಲಿಯ ಮೇಲೆ ಹರಡಿಕೊಳ್ಳುತ್ತದೆ. ಇಲ್ಲಿಂದ ಜೋಮ್ಸೊಮ್‌ವರೆಗೆ ಒಂದೂವರೆ ಎರಡು ದಿನ ನಡೆದರೂ ಏರುವುದು ಇನ್ನೂರು ಮೀಟರಿನಷ್ಟು ಮಾತ್ರ.

ಇದಕ್ಕೂ ಕಾರಣವಿದೆ. ಬಹು ಹಿಂದೆ ಕಾಲೋಪಾನಿಯ ಬಳಿ ಬೆಟ್ಟದ ಭಾರಿ ಪಾರ್ಶ್ವವೊಂದು ಕುಸಿದು ನದಿಗೆ ಅಡ್ಡ ಬಿತ್ತು. ಹಿಂದೆ ಸರೋವರ ನಿಂತಿತು. ಸರೋವರದಲ್ಲಿ ಹೂಳು ತುಂಬಿತು. ಮಾರ್ಫಾ ಊರಿನ ಸುತ್ತ ಆ ಹಳೆಯ ಸರೋವರದ ಮಣ್ಣಿನ ಪದರಗಳು ಈಗಲೂ ಉಳಿದಿವೆ. ಇದು ಹಳೆಯ ಕಥೆ ಮಾತ್ರವಲ್ಲ. 2015ರ ಏಪ್ರಿಲ್ 25ರ ಭೂಕಂಪದಿಂದ ಸಡಿಲಗೊಂಡಿದ್ದ ಬೆಟ್ಟವೊಂದು ಅದೇ ವರ್ಷದ ಮೇ 24ರಂದು ಬೇನಿಯ ಹತ್ತಿರ ಕುಸಿದು ಕಾಳಿ ಗಂಡಕಿಯನ್ನು ಅರ್ಧ ದಿನಕ್ಕೂ ಹೆಚ್ಚು ಹೊತ್ತು ತಡೆದು ನಿಲ್ಲಿಸಿತು. ತಗ್ಗಿನ ಊರುಗಳ ಜನ ಎತ್ತರದ ಜಾಗಗಳಿಗೆ ಓಡಿದರು. ಅದೃಷ್ಟಕ್ಕೆ ನೀರು ಮಣ್ಣಿನ ಮೇಲಿಂದ ಹರಿದು ತಾನೇ ದಾರಿ ಮಾಡಿಕೊಂಡಿತು.

ಗಾಳಿಯ ಗಡಿಯಾರ

ಈ ಬಯಲಿನಲ್ಲಿ ನಡೆಯುವವರು ಬೆಳಿಗ್ಗೆ ಬೇಗ ಹೊರಡಬೇಕು. ಹತ್ತು ಹನ್ನೊಂದು ಗಂಟೆಯವರೆಗೆ ಎಲೆಯೂ ಅಲುಗದಂಥ ಮೌನ. ಆಮೇಲೆ ಯಾರೋ ಬಾಗಿಲು ತೆರೆದಂತೆ ದಕ್ಷಿಣದಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮರಳು, ಸಣ್ಣ ಹರಳುಗಳನ್ನೂ ಎತ್ತಿ ಮುಖಕ್ಕೆ ಎರಚುವಷ್ಟು ಜೋರು. ಸಂಜೆಯಾದ ಮೇಲೆ ಮತ್ತೆ ಅಡಗುತ್ತದೆ. ಮರುದಿನವೂ ಇದೇ ಪಾಠ.

ಕಡಲ ತೀರದಲ್ಲಿ ಹಗಲು ನೆಲ ಕಾದು, ಸಮುದ್ರದ ಕಡೆಯಿಂದ ಗಾಳಿ ಬೀಸುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಇಲ್ಲಿ ಸಮುದ್ರದ ಬದಲು ದಕ್ಷಿಣದ ತಂಪಾದ ಕಣಿವೆಗಳಿವೆ. ಕಾಯುವ ನೆಲದ ಬದಲು ಮುಸ್ತಾಂಗ್ ಮತ್ತು ಟಿಬೆಟ್ಟಿನ ಬೋಳು ಪ್ರಸ್ಥಭೂಮಿಯಿದೆ. ಮೇಲೆ ನೆಲ ಕಾದು ಗಾಳಿ ಏರಿದಾಗ, ಆ ಜಾಗವನ್ನು ತುಂಬಲು ಕೆಳಗಿನ ಗಾಳಿ ಓಡಿಬರುತ್ತದೆ. ಅದಕ್ಕೆ ಇರುವುದು ಎಂಟು ಸಾವಿರ ಮೀಟರಿನ ಗೋಡೆಯಲ್ಲಿ ಈ ಒಂದೇ ಕಿಂಡಿ. ದೊಡ್ಡ ಕೊಳವೆಯ ನೀರು ಸಣ್ಣ ಬಾಯಲ್ಲಿ ಚಿಮ್ಮುವಂತೆ ಗಾಳಿ ಇಲ್ಲಿ ಚಿಮ್ಮುತ್ತದೆ. ಜೋಮ್ಸೊಮ್‌ನ ವಿಮಾನಗಳು ಬೆಳಗಿನ ಹೊತ್ತಿಗೆ ಮಾತ್ರ ಹಾರುವುದು ಇದೇ ಕಾರಣಕ್ಕೆ. ಈ ದಾರಿ ಬೆಳಿಗ್ಗೆಯೂ ಸುಲಭದ್ದಲ್ಲ. 2022ರ ಮೇ 29ರಂದು ಪೋಖರಾದಿಂದ ಜೋಮ್ಸೊಮ್‌ಗೆ ಹೊರಟ ಪುಟ್ಟ ವಿಮಾನ ಬೆಟ್ಟಕ್ಕೆ ಬಡಿದು 22 ಮಂದಿ ಸತ್ತರು. ಕೆಳಗಿನಿಂದ ಮೇಲಕ್ಕೆ ನಡೆಯುವವರಿಗೆ ಒಂದು ಅನುಕೂಲವುಂಟು: ಈ ಗಾಳಿ ಅವರ ಬೆನ್ನಿಗೆ ಬೀಸುತ್ತದೆ.

ಗಾಳಿ ಬರುತ್ತದೆ, ಮಳೆ ಬರುವುದಿಲ್ಲ. ಅನ್ನಪೂರ್ಣಾದ ದಕ್ಷಿಣ ಮಗ್ಗುಲಿನ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿಖರಗಳ ಮರೆಯಲ್ಲಿರುವ ಜೋಮ್ಸೊಮ್‌ನಲ್ಲಿ 300 ಮಿಲಿಮೀಟರ್ ಆದರೆ ಅದೇ ಹೆಚ್ಚು. ಆಗುಂಬೆಯಿಂದ ಹೊರಟವರು ನಾಲ್ಕು ದಿನ ನಡೆದು ಚಳ್ಳಕೆರೆಗಿಂತಲೂ ಒಣಗಿದ ಸೀಮೆಗೆ ಕಾಲಿಟ್ಟಂತೆ. ಭತ್ತ ಹೋಗಿ ಜವೆಗೋಧಿ ಬರುತ್ತದೆ. ಇಳಿಜಾರು ಮಾಡು ಹೋಗಿ ಸಮತಟ್ಟಾದ ಮಣ್ಣಿನ ಚಾವಣಿ ಬರುತ್ತದೆ. ಚಾವಣಿಯ ಅಂಚಿಗೆ ಒಟ್ಟಿದ ಸೌದೆ ಬರುತ್ತದೆ. ಪಾಠದ ಪುಸ್ತಕದಲ್ಲಿ 'ಮಳೆಯ ನೆರಳು' ಎಂದು ಎರಡು ಸಾಲಿನಲ್ಲಿ ಮುಗಿಯುವ ಸಂಗತಿ ಇಲ್ಲಿ ಹೆಜ್ಜೆಹೆಜ್ಜೆಗೆ ಬಿಡಿಸಿಕೊಳ್ಳುತ್ತದೆ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವೆ ಹೋದವರು ಆಕಾಶದ ಕಡೆಗೂ ಕಣ್ಣಿಡಬೇಕು. ಡೆಮಾಯ್ಸೆಲ್ ಕ್ರೇನ್ ಎಂಬ ಬೂದುಬಣ್ಣದ ಕೊಕ್ಕರೆಗಳು ಮಧ್ಯ ಏಷ್ಯಾದ ಬಯಲುಗಳಿಂದ ಸಾಲುಕಟ್ಟಿ ಈ ಕಿಂಡಿಯ ಮೂಲಕವೇ ದಕ್ಷಿಣಕ್ಕೆ ಹಾಯುತ್ತವೆ. ಈ ಜಾತಿಯ ಹಕ್ಕಿಗಳು ಚಳಿಗಾಲಕ್ಕೆ ರಾಜಸ್ಥಾನ, ಗುಜರಾತಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಬೀಡುಬಿಡುತ್ತವೆ. ಉತ್ತರ ಕರ್ನಾಟಕದ ಕೆರೆ ಬಯಲುಗಳಿಗೂ ಬರುವುದುಂಟು.

ಉಪ್ಪಿನ ದಾರಿ, ಸೇಬಿನ ಊರು

ಹಕ್ಕಿ, ಗಾಳಿ ಹಾಯುವ ಕಿಂಡಿಯಲ್ಲಿ ಮನುಷ್ಯನೂ ಹಾದಿದ್ದಾನೆ. ಶತಮಾನಗಳ ಕಾಲ ಇದು ಉಪ್ಪಿನ ದಾರಿಯಾಗಿತ್ತು. ಟಿಬೆಟ್ಟಿನ ಸರೋವರಗಳ ಉಪ್ಪು ಮೇಲಿನಿಂದ ಇಳಿಯುತ್ತಿತ್ತು. ಕೆಳಗಿನ ಧಾನ್ಯ ಮೇಲಕ್ಕೆ ಏರುತ್ತಿತ್ತು. ನಡುವಿನ ತುಕುಚೆ ಎಂಬ ಊರಿನಲ್ಲಿ ಥಕಾಲಿ ಜನಾಂಗದ ವ್ಯಾಪಾರಿಗಳು ದೊಡ್ಡ ಮಳಿಗೆಗಳನ್ನು ಕಟ್ಟಿ ಈ ವಹಿವಾಟನ್ನು ಕೈಯಲ್ಲಿಟ್ಟುಕೊಂಡಿದ್ದರು. ಅಂಗಳದ ಸುತ್ತ ಕಟ್ಟಿದ ಆ ಮನೆಗಳು, ಕೆತ್ತನೆಯ ಕಿಟಕಿಗಳು ಇಂದಿಗೂ ಉಳಿದಿವೆ. ಭಾರತದ ಕಡಲ ಉಪ್ಪು ಅಗ್ಗದ ಬೆಲೆಗೆ ಬೆಟ್ಟದ ಊರುಗಳನ್ನು ತಲುಪಿದ ಮೇಲೆ, 1950ರ ದಶಕದ ಕೊನೆಗೆ ಟಿಬೆಟ್ಟಿನ ಪರಿಸ್ಥಿತಿ ಬದಲಾದ ಮೇಲೆ, ತುಕುಚೆಯ ಮಳಿಗೆಗಳು ಬರಿದಾದವು.

1950ರಲ್ಲಿ ಮೋರಿಸ್ ಎರ್ಜೋಗ್ ನಾಯಕತ್ವದ ಫ್ರೆಂಚ್ ತಂಡ ಬೀಡುಬಿಟ್ಟದ್ದು ಇದೇ ತುಕುಚೆಯಲ್ಲಿ. ಅವರು ಮೊದಲು ಧವಳಗಿರಿಗೆ ದಾರಿ ಹುಡುಕಿದರು. ಸಾಧ್ಯವಿಲ್ಲವೆನಿಸಿ ಅನ್ನಪೂರ್ಣಾದತ್ತ ತಿರುಗಿದರು. ಜೂನ್ 3ರಂದು ಎರ್ಜೋಗ್ ಮತ್ತು ಲೂಯಿ ಲಾಶನಾಲ್ ತುದಿ ಮುಟ್ಟಿದರು. ಎಂಟು ಸಾವಿರ ಮೀಟರಿಗೆ ಮೇಲ್ಪಟ್ಟ ಶಿಖರವನ್ನು ಮನುಷ್ಯ ಏರಿದ್ದು ಅದೇ ಮೊದಲು. ಹಿಮಕಡಿತದಿಂದ ಇಬ್ಬರೂ ಬೆರಳುಗಳನ್ನು ಕಳೆದುಕೊಂಡರು. ಧವಳಗಿರಿ ಮಣಿದದ್ದು ಹತ್ತು ವರ್ಷಗಳ ನಂತರ, 1960ರ ಮೇ 13ರಂದು.

ಮಾರ್ಫಾ ಸುಣ್ಣ ಬಳಿದ ಕಲ್ಲುಮನೆಗಳ, ಚಪ್ಪಡಿ ಹಾಸಿದ ಓಣಿಗಳ ಅಚ್ಚುಕಟ್ಟಾದ ಊರು. ಚಪ್ಪಡಿಯ ಕೆಳಗೆ ನೀರು ಹರಿಯುವ ಸದ್ದು ಕಾಲಿಗೇ ಕೇಳಿಸುತ್ತದೆ. ಟಿಬೆಟ್ ಸೇರಲು ಹೊರಟಿದ್ದ ಜಪಾನಿನ ಬೌದ್ಧ ಭಿಕ್ಷು ಎಕಾಯ್ ಕವಾಗುಚಿ 1900ರಲ್ಲಿ ಈ ಊರಿನಲ್ಲಿ ತಂಗಿದ್ದ. 1960ರ ದಶಕದಲ್ಲಿ ಇಲ್ಲಿ ಸರ್ಕಾರಿ ತೋಟಗಾರಿಕೆ ಕ್ಷೇತ್ರ ಆರಂಭವಾದ ಮೇಲೆ ಸೇಬು ಊರಿನ ಬೆಳೆಯಾಯಿತು. ರಸ್ತೆಯಿಲ್ಲದ ಕಾಲದಲ್ಲಿ ಹಣ್ಣನ್ನು ಹೇಸರಗತ್ತೆಯ ಮೇಲೆ ಹೇರಿ ಸಾಗಿಸುವಷ್ಟರಲ್ಲಿ ಕೊಳೆಯುತ್ತಿತ್ತು. ಆದ್ದರಿಂದ ಹೋಳು ಮಾಡಿ ಒಣಗಿಸಿದರು, ಜಾಮ್ ಮಾಡಿದರು, ಬ್ರಾಂದಿಯನ್ನೂ ಇಳಿಸಿದರು.

ಥಕಾಲಿ ಹೆಂಗಸರು ನಡೆಸುವ ಊಟದ ಮನೆಗಳಿಗೆ ನೇಪಾಳದಲ್ಲೆಲ್ಲ ಹೆಸರಿದೆ. ಅನ್ನ, ಬೇಳೆ, ಸೊಪ್ಪಿನ ಪಲ್ಯ, ಉಪ್ಪಿನಕಾಯಿಯ ಊಟ. ಬೇಕಾದಷ್ಟು ಬಾರಿ ಬಡಿಸುತ್ತಾರೆ. ಕನ್ನಡಿಗರು 'ಢಿಂಡೊ' ಕೇಳಿ ತರಿಸಿಕೊಳ್ಳಬೇಕು. ಕುದಿಯುವ ನೀರಿಗೆ ಹಿಟ್ಟು ಹಾಕಿ ಕೋಲಿನಿಂದ ತೊಳಸಿ ಮಾಡುವ ಅದು ಮುದ್ದೆಯ ನೆಂಟನೇ ಸರಿ. ಅವರು 'ಕೋದೊ' ಎನ್ನುವ ಧಾನ್ಯ ನಮ್ಮ ರಾಗಿಯಲ್ಲದೆ ಬೇರೆಯಲ್ಲ.

ಕಲ್ಲೊಳಗಿನ ಚಕ್ರ

ಜೋಮ್ಸೊಮ್‌ನ ನೆತ್ತಿಯ ಮೇಲೆ ನಿಂತಿರುವ 7,061 ಮೀಟರಿನ ಹಿಮಶಿಖರದ ಹೆಸರು ನೀಲಗಿರಿ. ಊಟಿಯ ನೀಲಗಿರಿ ಬಲ್ಲವರಿಗೆ ಇದೊಂದು ಸೋಜಿಗ. ಅಲ್ಲಿಂದ ಕಾಗ್‌ಬೇನಿಯತ್ತ ನದೀಪಾತ್ರದಲ್ಲೇ ನಡೆಯುವಾಗ ಎಲ್ಲರ ದೃಷ್ಟಿಯೂ ಕಾಲಬುಡಕ್ಕೆ ಇಳಿಯುತ್ತದೆ. ಸಾಲಿಗ್ರಾಮ ಸಿಗುವುದು ಇಲ್ಲಿಯೇ. ಗುಂಡಗಿನ ಕರಿಯ ಕಲ್ಲು ಸಿಕ್ಕರೂ ಒಳಗೆ ಚಕ್ರ ಇರಲೇಬೇಕೆಂದಿಲ್ಲ. ಮಳೆಗಾಲದ ಪ್ರವಾಹ ಮೇಲಿನ ಕಪ್ಪು ಶಿಲೆಯ ದಿಬ್ಬಗಳನ್ನು ಕೊಚ್ಚಿ ಪ್ರತಿವರ್ಷ ಹೊಸ ಕಲ್ಲುಗಳನ್ನು ತಂದು ಹರಡುತ್ತದೆ.

ಈ ಚಕ್ರ ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಗುರುತು. ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ದೂರದ ಸಂಬಂಧಿ ಅದು. ಸುರುಳಿ ಚಿಪ್ಪಿನೊಳಗೆ ಕೋಣೆಗಳನ್ನು ಕಟ್ಟಿಕೊಳ್ಳುತ್ತ, ಹೊರಗಿನ ಕೊನೆಯ ಕೋಣೆಯಲ್ಲಿ ವಾಸಿಸುತ್ತಿತ್ತು. ಸುಮಾರು 15 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಎಂಬ ಸಮುದ್ರವಿತ್ತು. ಸತ್ತ ಅಮೋನೈಟ್‌ಗಳು ಅದರ ತಳದ ಕೆಸರಿನಲ್ಲಿ ಹೂತವು. ಸುತ್ತಲಿನ ಕೆಸರು ಗಟ್ಟಿಯಾಗಿ ಗುಂಡಾದ ಕಲ್ಲಾಯಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆದಾಗ ಆ ಕಡಲತಳವೇ ಮಡಚಿ ಮೇಲೆದ್ದಿತು. ಅಮೋನೈಟ್‌ಗಳ ಕುಲವೂ 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲಕ್ಕೇ, ಅಳಿದುಹೋಗಿತ್ತು.

ಪುರಾಣಗಳು ವಜ್ರಕೀಟ ಎಂಬ ಹುಳು ಕಲ್ಲನ್ನು ಕೊರೆದು ಚಕ್ರ ಮಾಡುತ್ತದೆ ಎನ್ನುತ್ತವೆ. ವಿಜ್ಞಾನದ ಪ್ರಕಾರ ಜೀವಿ ಕಲ್ಲನ್ನು ಕೊರೆಯಲಿಲ್ಲ, ಜೀವಿಯ ಸುತ್ತಲೇ ಕಲ್ಲು ಕಟ್ಟಿಕೊಂಡಿತು. ಆದರೆ ಈ ಚಕ್ರ ಬರಿಯ ಕಲ್ಲಿನ ಗೀರಲ್ಲ, ಒಮ್ಮೆ ಬದುಕಿದ್ದ ಪ್ರಾಣಿಯ ಕೈಕೆಲಸ ಎಂಬುದನ್ನು ಹಳಬರು ಸರಿಯಾಗಿಯೇ ಕಂಡುಕೊಂಡಿದ್ದರು. ಪಳೆಯುಳಿಕೆ ಎಂಬ ಶಬ್ದ ಹುಟ್ಟುವುದಕ್ಕೆ ಎಷ್ಟೋ ಮೊದಲು ಚಕ್ರಗಳ ಸಂಖ್ಯೆ, ಆಕಾರ, ಬಾಯಿಯ ಸ್ಥಾನ ನೋಡಿ ಲಕ್ಷ್ಮೀನಾರಾಯಣ, ನರಸಿಂಹ, ವಾಮನ, ಸುದರ್ಶನ ಎಂದು ವಿಂಗಡಿಸಿದ ಆ ಕಣ್ಣು ಸಾಮಾನ್ಯದ್ದಲ್ಲ.

ಕಾಗ್‌ಬೇನಿಯಲ್ಲಿ ಯಾತ್ರಿಕರು ನದೀಸಂಗಮದಲ್ಲಿ ಪಿತೃಗಳಿಗೆ ಪಿಂಡ ಇಡುತ್ತಾರೆ. ಅಲ್ಲಿಂದ ಪೂರ್ವಕ್ಕೆ ಕಡಿದಾದ ಏರು. ಸುಮಾರು 3,700 ಮೀಟರಿನಲ್ಲಿ ಮುಕ್ತಿನಾಥ. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಇದೂ ಒಂದು. ಗುಡಿಯ ಹಿಂದೆ ಅರ್ಧವೃತ್ತಾಕಾರವಾಗಿ 108 ಧಾರೆಗಳು. ಮೈ ಕೊರೆಯುವ ಆ ನೀರಿಗೆ ಓಡುತ್ತಲೇ ತಲೆಯೊಡ್ಡಬೇಕು. ಹತ್ತಿರದ ಜ್ವಾಲಾಮಾಯಿ ಗುಡಿಯಲ್ಲಿ ನೆಲದಿಂದ ಬರುವ ಅನಿಲ ಸಣ್ಣ ನೀಲಿ ಜ್ವಾಲೆಯಾಗಿ ಉರಿಯುತ್ತದೆ. ಈ ಕ್ಷೇತ್ರವನ್ನು ಹಿಂದೂಗಳೂ ಬೌದ್ಧರೂ ಒಟ್ಟಿಗೆ ಪೂಜಿಸುತ್ತಾರೆ. ಬೌದ್ಧ ಸನ್ಯಾಸಿನಿಯರು ಇಲ್ಲಿ ಸೇವೆ ಮಾಡುತ್ತ ಬಂದಿದ್ದಾರೆ.

ರಸ್ತೆ ಬಂದ ಮೇಲೆ

2008ರ ಸುಮಾರಿಗೆ ಬೇನಿ ಮತ್ತು ಜೋಮ್ಸೊಮ್ ನಡುವೆ ಜೀಪುಗಳು ಓಡತೊಡಗಿದವು. ಆಮೇಲೆ ರಸ್ತೆ ಅಗಲವಾಗುತ್ತ ಉತ್ತರದ ಕೋರಲಾ ಗಡಿಯವರೆಗೂ ಬೆಳೆದಿದೆ. ಹಳೆಯ ಉಪ್ಪಿನ ದಾರಿ ಭಾರತ ಮತ್ತು ಚೀನಾಗಳ ನಡುವಿನ ಹೆದ್ದಾರಿಯಾಗುವ ಹಾದಿಯಲ್ಲಿದೆ. ಚಾರಣಿಗರಲ್ಲಿ ಇದರ ಬಗ್ಗೆ ಕೊರಗು ಸಾಕಷ್ಟಿದೆ. ಧೂಳು, ಹಾರನ್, ಮಾಯವಾದ ಹೇಸರಗತ್ತೆಗಳ ಗಂಟೆಯ ನಾದ.

ಆದರೆ ಕಣಿವೆಯವರ ಕಡೆಯಿಂದಲೂ ನೋಡಬೇಕು. ಹೆರಿಗೆ ನೋವಿನ ಹೆಣ್ಣುಮಗಳನ್ನು ಬೆನ್ನ ಮೇಲೆ ಹೊತ್ತು ದಿನಗಟ್ಟಲೆ ನಡೆಯುವುದು ತಪ್ಪಿದೆ. ಮಾರ್ಫಾದ ಸೇಬು ಕೊಳೆಯುವ ಮೊದಲೇ ಪೋಖರಾದ ಅಂಗಡಿ ತಲುಪುತ್ತದೆ. ಅಕ್ಕಿ, ಸೀಮೆಎಣ್ಣೆ, ಸಿಮೆಂಟಿಗೆ ಕೊಡಬೇಕಾದ ಹೊರೆಕೂಲಿ ಇಳಿದಿದೆ. ನೋಡಲು ಚೆನ್ನ ಎಂಬ ಕಾರಣಕ್ಕೆ ಇನ್ನೊಬ್ಬರ ಬೆನ್ನ ಮೇಲೆ ಹೊರೆ ಇರಲಿ ಎನ್ನುವುದು ನ್ಯಾಯವಲ್ಲ.

ನಷ್ಟ ಇಲ್ಲವೆಂದೂ ಅಲ್ಲ. ಮೊದಲು ಪ್ರತಿ ಅರ್ಧ ದಿನದ ನಡಿಗೆಗೆ ಒಂದು ಊರು, ಒಂದು ಊಟದ ಮನೆ, ಒಂದು ರಾತ್ರಿಯ ಬಾಡಿಗೆ ಇತ್ತು. ಈಗ ಬಸ್ಸು ನಿಲ್ಲುವ ಊರುಗಳಿಗೆ ಮಾತ್ರ ಗಿರಾಕಿ. ಸಡಿಲವಾದ ಇಳಿಜಾರನ್ನು ಕಡಿದು ಮಾಡಿದ ರಸ್ತೆ ಮಳೆಗಾಲದಲ್ಲಿ ಮತ್ತೆಮತ್ತೆ ಕುಸಿಯುತ್ತದೆ. 2023ರ ಆಗಸ್ಟ್ 13ರಂದು ಕಾಗ್‌ಬೇನಿಯಲ್ಲಿ ಕೆಸರಿನ ಪ್ರವಾಹ ನುಗ್ಗಿ ಮನೆಗಳು ಹೂತುಹೋದವು. ಮಳೆಯೇ ಇಲ್ಲವೆಂದು ಮಣ್ಣಿನ ಚಾವಣಿ ಹಾಕಿಕೊಂಡ ಸೀಮೆ ಅದು. ಬೆಟ್ಟ, ನದಿ, ಗಾಳಿಗಳ ಲೆಕ್ಕವನ್ನು ಬಿಟ್ಟು ಇಲ್ಲಿ ಏನನ್ನು ಕಟ್ಟಿದರೂ ಬಾಳುವುದು ಕಷ್ಟ.

ನಡೆಯುವವರಿಗೆ ದಾರಿ ಮುಚ್ಚಿಲ್ಲ ಎಂಬುದೇ ಸಮಾಧಾನ. ಅನ್ನಪೂರ್ಣಾ ಸಂರಕ್ಷಣಾ ಪ್ರದೇಶ 1986ರಲ್ಲಿ ಆರಂಭವಾದ, 7,629 ಚದರ ಕಿಲೋಮೀಟರಿನ ಯೋಜನೆ. ಜನರನ್ನು ಒಕ್ಕಲೆಬ್ಬಿಸದೆ, ಪ್ರವೇಶಶುಲ್ಕದ ಹಣದಿಂದಲೇ ಕಾಡು ಮತ್ತು ಕಾಲುದಾರಿಗಳನ್ನು ನೋಡಿಕೊಳ್ಳುವುದು ಅದರ ರೀತಿ. ರಸ್ತೆ ಬಂದ ಮೇಲೆ ನದಿಯ ಇನ್ನೊಂದು ದಡದಲ್ಲಿ, ಪೈನ್ ಕಾಡು ಮತ್ತು ಹಳ್ಳಿಗಳ ಮೂಲಕ ಹಾಯುವ ಕಾಲುದಾರಿಗಳನ್ನು ಗುರುತಿಸಲಾಗಿದೆ. ಕಲ್ಲಿನ ಮೇಲೆ ಕೆಂಪು ಬಿಳಿ ಪಟ್ಟೆ ಕಂಡರೆ ಅದು ಮುಖ್ಯ ಕಾಲುದಾರಿ. ನೀಲಿ ಬಿಳಿ ಪಟ್ಟೆ ಕಂಡರೆ ಕವಲುದಾರಿ. ಈ ದಾರಿಯಲ್ಲಿ ಹೋಗಿ ಸಣ್ಣ ಊರಿನಲ್ಲಿ ಉಂಡು ಮಲಗಿದವರ ಹಣ ಬಸ್ಸು ನಿಲ್ಲದ ಮನೆಗೂ ತಲುಪುತ್ತದೆ.

ಹೋಗುವವರಿಗೆ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಜೊತೆಗಿರಬೇಕು. ರೈಲಿನಲ್ಲಿ ಗೋರಖಪುರ, ಅಲ್ಲಿಂದ ಸೋನೌಲಿ ಗಡಿ ದಾಟಿ ಬಸ್ಸಿನಲ್ಲಿ ಪೋಖರಾ. ಸಂರಕ್ಷಣಾ ಪ್ರದೇಶದ ಪ್ರವೇಶಪತ್ರವನ್ನು ಪೋಖರಾದಲ್ಲೇ ಮಾಡಿಸಬಹುದು; ಸಾರ್ಕ್ ದೇಶದವರಿಗೆ ಶುಲ್ಕದಲ್ಲಿ ರಿಯಾಯಿತಿಯಿದೆ. ಪೋಖರಾದಿಂದ ಬೇನಿಗೆ ಸುಮಾರು 80 ಕಿಲೋಮೀಟರ್. ಅಕ್ಟೋಬರ್, ನವೆಂಬರ್ ಮತ್ತು ಮಾರ್ಚ್‌ನಿಂದ ಮೇ ತಿಂಗಳವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಕಮರಿಯಲ್ಲಿ ಭೂಕುಸಿತದ ಭಯ, ಜಿಗಣೆಗಳ ಕಾಟ.

ಮುಕ್ತಿನಾಥದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ತಲೆನೋವು, ವಾಕರಿಕೆ, ನಿದ್ರೆಗೇಡು ಕಂಡರೆ ಮುಂದಕ್ಕೆ ಏರಬಾರದು. ಹೆಚ್ಚಾದರೆ ಕೂಡಲೇ ಕೆಳಗಿಳಿಯಬೇಕು. ಮಾರ್ಫಾದಲ್ಲೋ ಕಾಗ್‌ಬೇನಿಯಲ್ಲೋ ಒಂದು ದಿನ ಹೆಚ್ಚಿಗೆ ತಂಗುವುದು ಜಾಣತನ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಗಾಳಿಗೆ ಕನ್ನಡಕ, ಮೂಗು ಬಾಯಿಗೆ ಬಟ್ಟೆ, ತುಟಿಗೆ ಬೆಣ್ಣೆಯೋ ಮುಲಾಮೋ ಇರಲಿ.

ಇಷ್ಟು ಸಿದ್ಧತೆಯಿಂದ ಹೊರಟವರಿಗೆ ಭತ್ತದ ಗದ್ದೆಯಿಂದ ಹಿಮದವರೆಗೆ, ಇಂದಿನ ಭೂಕುಸಿತದಿಂದ 15 ಕೋಟಿ ವರ್ಷದ ಹಿಂದಿನ ಕಡಲತಳದವರೆಗೆ ಒಂದೇ ನದಿಯ ಜಾಡು ಸಾಕು. ಅವಸರ ಇದ್ದವರಿಗೆ ಬಸ್ಸು ಇದ್ದೇ ಇದೆ. ಬೆಟ್ಟ ಏಳುವುದನ್ನು ಕಂಡ ನದಿಗಂತೂ ಅವಸರವಿಲ್ಲ. ಅದರ ಜೊತೆ ಒಂದು ವಾರ ನಡೆಯಲು ಬಿಡುವು ಮಾಡಿಕೊಂಡವರು ಮನೆಯ ದೇವರ ಪೆಟ್ಟಿಗೆಯನ್ನು ಹೊಸ ಕಣ್ಣಿನಿಂದ ನೋಡುತ್ತಾರೆ.